ಬೀಸುಕಲ್ಲಿನ ಸದ್ದು ಹಿಂದಿನಿಂದ ಬಂತು

ನಮ್ಮ ಬಳ್ಳಾರಿಯಲ್ಲಿ ಹೆದರಿಸುವ ನಾಟಕ ನೋಡಲು ಸಿಗುವುದೇ ಅಪರೂಪ. ಪೌರಾಣಿಕ ಬರುತ್ತೆ, ಸಾಮಾಜಿಕ ಬರುತ್ತೆ, ನಗಿಸುವ ಕಂಪನಿ ನಾಟಕಕ್ಕಂತೂ ಜನ ಮುಗಿಬೀಳುತ್ತಾರೆ. ದೆವ್ವದ ನಾಟಕ ಅಂದರೆ ಮಾತ್ರ ‘ಅದನ್ನೆಲ್ಲ ಸಿನಿಮಾದಲ್ಲಿ ನೋಡಿದರಾಯ್ತು ಬಿಡು’ ಅನ್ನುತ್ತಾರೆ. ನಾನು ಒಪ್ಪಲ್ಲ. ಹೋದ ಶನಿವಾರ ರಾಘವ ಕಲಾಮಂದಿರದಲ್ಲಿ ಹವ್ಯಾಸಿ ಹುಡುಗರು ಆಡಿದ ನಾಟಕ ನೋಡಿ ಬಂದ ಮೇಲಂತೂ ಸುತರಾಂ ಒಪ್ಪಲ್ಲ.

ಜೊತೆಗೆ ಸಿರುಗುಪ್ಪದಿಂದ ಸೋದರಮಾವ ಬಂದಿದ್ದರು. ವಯಸ್ಸಿನಲ್ಲಿ ದೊಡ್ಡಾಟ ಕುಣಿದವರು, ರಾಕ್ಷಸನ ಪಾತ್ರದಲ್ಲಿ ಅವರ ಆರ್ಭಟ ಕೇಳಿ ಮುಂದೆ ಕೂತ ಮಕ್ಕಳು ಅಳುತ್ತಿದ್ದವಂತೆ. ಹೊರಗೆ ಒಗ್ಗರಣೆ ಮಿರ್ಚಿ ತಿಂದು ಒಳಗೆ ಹೋದೆವು. ಅರ್ಧ ಕುರ್ಚಿ ಖಾಲಿ.

ಕಥೆ ಸರಳ. ಹಳೇ ವಾಡೆ ಮಾರಲು ಬಂದ ಅಣ್ಣ ತಮ್ಮ ಒಂದು ರಾತ್ರಿ ಅಲ್ಲೇ ಉಳಿಯುತ್ತಾರೆ. ರಂಗದ ಮೇಲೆ ಒಂದು ಹೊರಸು, ಒಂದು ಕಂದೀಲು, ಹಿಂದೆ ಒಂದು ಬಾಗಿಲ ಚೌಕಟ್ಟು, ಅಷ್ಟೇ. ಮೊದಲರ್ಧ ಗಂಟೆ ಬರೀ ಆಸ್ತಿ ಮಾತು, ಸಾಲದ ಮಾತು. ಆಮೇಲೆ ತಮ್ಮ ಕಂದೀಲಿನ ಬತ್ತಿ ಇಳಿಸಿದ. ಮೇಲಿನ ಲೈಟುಗಳೂ ಅದರ ಜೊತೆಗೇ ಎಷ್ಟು ನಿಧಾನವಾಗಿ ಇಳಿದವೆಂದರೆ, ಯಾವಾಗ ಕತ್ತಲಾಯಿತು ಅಂತ ಗೊತ್ತೇ ಆಗಲಿಲ್ಲ. ಆಗ ಬೀಸುಕಲ್ಲು ತಿರುಗುವ ಸದ್ದು ಶುರುವಾಯಿತು. ರಂಗದ ಮೇಲಿಂದ ಬರಲಿಲ್ಲ ಅದು. ನಮ್ಮ ಬೆನ್ನ ಹಿಂದಿನಿಂದ.

ಒಂದೇ ಲಯದಲ್ಲಿ ಗರ್‌ರ್, ಗರ್‌ರ್. ನಡುವೆ ಯಾರೋ ಬೀಸುವ ಪದದ ಒಂದು ಸಾಲು ಗುನುಗಿ ಅರ್ಧಕ್ಕೇ ನಿಲ್ಲಿಸಿದರು. ನನ್ನ ಮೈಯೆಲ್ಲ ಜುಮ್ಮೆಂದಿತು. ಮಾವ ನನ್ನ ಮೊಣಕೈ ಹಿಡಿದು, ‘ತಿರುಗಬ್ಯಾಡಪ್ಪ, ತಿರುಗಬ್ಯಾಡ’ ಅಂದರು. ಆದರೂ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ತಿರುಗಿ ನೋಡತೊಡಗಿದರು. ನಾವು ಅವರ ಮುಖ ನೋಡಿ ಇನ್ನಷ್ಟು ಹೆದರಿದೆವು! ಮನೆಯಲ್ಲಿ ಮೊಬೈಲ್ ಹಿಡಿದು ಸಿನಿಮಾ ನೋಡುವಾಗ ಇದು ಸಿಗಲ್ಲ, ಅಲ್ವಾ? ಅಲ್ಲಿ ದೆವ್ವ ಪರದೆ ದಾಟಿ ಬರಲ್ಲ ಅನ್ನೋ ಧೈರ್ಯ ಇರುತ್ತೆ. ಇಲ್ಲಿ ನಟ ಉಸಿರಾಡುವ ಗಾಳಿಯನ್ನೇ ನಾವೂ ಉಸಿರಾಡುತ್ತಿರುತ್ತೇವೆ.

ನಾಟಕ ಮುಗಿದ ಮೇಲೆ ಹಿಂದೆ ಹೋಗಿ ನೋಡಿದೆ. ಕೊನೇ ಸಾಲಿನ ಆಚೆ ಕಪ್ಪು ಬಟ್ಟೆಯ ಮರೆಯಲ್ಲಿ ನಿಜವಾದ ಬೀಸುಕಲ್ಲೇ ಇತ್ತು. ಹಳ್ಳಿಯಿಂದ ಹೊತ್ತು ತಂದಿದ್ದರು. ಬೀಸುತ್ತಿದ್ದ ಹುಡುಗಿಯ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ‘ಹಿಡಿ ಜೋಳ ಹಾಕಲೇಬೇಕು ಸರ್, ಬರೀ ಕಲ್ಲು ತಿರುಗಿಸಿದರೆ ಸದ್ದು ಬೇರೆ ಬರುತ್ತೆ’ ಅಂದಳು. ಇಷ್ಟು ಶ್ರದ್ಧೆ ಇರುವ ತಂಡಕ್ಕೆ ಅರ್ಧ ಖಾಲಿ ಕುರ್ಚಿ ಅಂದರೆ ಹೊಟ್ಟೆ ಉರಿಯುತ್ತೆ.

ಕೊನೆಯ ಭಾಗ ಮಾತ್ರ ನನಗೆ ಹಿಡಿಸಲಿಲ್ಲ. ಹೊಗೆ ಬಿಟ್ಟರು, ಸ್ಪೀಕರಿನಲ್ಲಿ ಕಿರುಚಾಟ ಹಾಕಿದರು. ಕಟ್ಟಿದ ಭಯ ಅಲ್ಲೇ ಕರಗಿತು. ಕಣ್ಣಿಗೆ ಬೀಳುವ ಚಮತ್ಕಾರಕ್ಕೂ ಒಂದು ಪರಂಪರೆ ಇದೆ, ಇಲ್ಲ ಅನ್ನಲ್ಲ. 1862ರಲ್ಲೇ ಲಂಡನ್ನಿನಲ್ಲಿ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ, ಮರೆಯಲ್ಲಿದ್ದ ನಟನ ಮೇಲೆ ಬೆಳಕು ಬಿಟ್ಟು, ಅವನ ಬಿಂಬವನ್ನು ದೆವ್ವದ ಹಾಗೆ ರಂಗದ ಮೇಲೆ ತೋರಿಸಿದ್ದರು. ಪ್ಯಾರಿಸ್ಸಿನ ಗ್ರಾಂ ಗಿನ್ಯೋಲ್ ರಂಗಮಂದಿರ 1897ರಿಂದ 1962ರವರೆಗೆ ರಕ್ತ, ಕೊಲೆ ತೋರಿಸಿಯೇ ಜನರನ್ನು ನಡುಗಿಸಿತು. ಆದರೆ ಲಂಡನ್ನಿನ ಫಾರ್ಚೂನ್ ಥಿಯೇಟರಿನಲ್ಲಿ 1989ರಿಂದ 2023ರವರೆಗೆ ನಡೆದ ‘ದಿ ವುಮನ್ ಇನ್ ಬ್ಲ್ಯಾಕ್’ ನಾಟಕದಲ್ಲಿ ಮಾತಾಡುವ ನಟರು ಇಬ್ಬರೇ. ಉಳಿದದ್ದೆಲ್ಲ ಬೆಳಕು, ಸದ್ದು, ನೋಡುವವರ ಮನಸ್ಸು. ನಮ್ಮ ಹುಡುಗರೂ ಮುಕ್ಕಾಲು ನಾಟಕ ಇದೇ ದಾರಿಯಲ್ಲಿ ನಡೆಸಿದ್ದರು.

ಆ ಮಂದಿರಕ್ಕೆ ಹೆಸರು ಕೊಟ್ಟ ಬಳ್ಳಾರಿ ರಾಘವರು (1880–1946) ವೃತ್ತಿಯಲ್ಲಿ ವಕೀಲರು. ಸಹಜ ಅಭಿನಯಕ್ಕೆ ಹೆಸರಾದವರು. ಅಣ್ಣನ ಪಾತ್ರದ ಹುಡುಗ ಹೆದರಿಕೆಯನ್ನು ಕೂಗಿ ತೋರಿಸದೆ, ನೀರಿನ ಲೋಟ ಬಾಯಿಗೊಯ್ದು ಕುಡಿಯದೇ ಹಾಗೇ ಕೆಳಗಿಟ್ಟನಲ್ಲ, ಆಗ ನನಗೆ ಅವರ ನೆನಪಾಯಿತು.

ಬಸ್ ಸ್ಟ್ಯಾಂಡಿಗೆ ಹೋಗುವಾಗ ಮಾವ ಅಂದರು: ‘ನಾವು ಕೂಗಿ ಹೆದರಿಸ್ತಿದ್ವಿ. ಈ ಹುಡುಗ್ರು ಸುಮ್ನಿದ್ದು ಹೆದರಿಸಿದ್ರು ನೋಡು.’

ಕೊಪ್ಪಳ, ರಾಯಚೂರಿನಲ್ಲೂ ಆಡುವ ಆಸೆ ಇದೆ ಅಂದಿದ್ದಾರೆ ತಂಡದವರು. ಬಂದರೆ ಖಂಡಿತ ಹೋಗಿ, ಟಿಕೆಟ್ ತಗೊಂಡೇ ನೋಡಿ. ಮೊಬೈಲ್ ಪೂರ್ತಿ ಆಫ್ ಮಾಡಿ, ಆ ಕತ್ತಲಲ್ಲಿ ಒಂದು ಸಣ್ಣ ಬೆಳಕು ಬಂದರೂ ಅವರ ಶ್ರಮ ಹಾಳು. ಜಾಗ ಸಿಕ್ಕರೆ ಹಿಂದಿನ ಸಾಲಿನಲ್ಲೇ ಕೂತ್ಕೊಳ್ಳಿ.