ಹತ್ತು ಗುಂಡು, ಮೂರು ಎಟಿಪಿ: ಸಿಂಥೇಸ್ ಮಾದರಿ ಕೊನೆಗೂ ತಿರುಗಿತು

ಜೀವಕೋಶದ ಇಂಧನವಾದ ಎಟಿಪಿಯನ್ನು ತಯಾರಿಸುವ ಎಟಿಪಿ ಸಿಂಥೇಸ್ ಕಿಣ್ವದ ಮಾದರಿ ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಪೂರ್ತಿ ಸುತ್ತು ತಿರುಗಿದೆ. ಹತ್ತು ಉಕ್ಕಿನ ಗುಂಡುಗಳು ಮೇಲಿನ ಕಾಲುವೆಯಿಂದ ಒಂದೊಂದಾಗಿ ಚಕ್ರಕ್ಕೆ ಇಳಿಯುವಷ್ಟರಲ್ಲಿ ತಲೆಯ ಭಾಗದಿಂದ ಮೂರು ಎಟಿಪಿ ಬಿಲ್ಲೆಗಳು ಟಪ್ಪೆಂದು ಹೊರಬಿದ್ದವು. ಭಾಗಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸುವುದು, ಉಜ್ಜುವುದು, ಬೇರಿಂಗ್ ಕೂರಿಸುವುದು ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳೇ ಆದ್ದರಿಂದ ಅವನ್ನು ಬಿಟ್ಟು, ಇಷ್ಟು ಕಾಲ ತಲೆ ತಿಂದ ಒಂದೇ ತೊಡಕಿನ ಬಗ್ಗೆ ಬರೆಯುತ್ತೇನೆ. ಹತ್ತನ್ನು ಮೂರರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಆ ಶೇಷವನ್ನು ಯಂತ್ರದಲ್ಲಿ ಎಲ್ಲಿಡಬೇಕು?

ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಆಹಾರದ ಇಲೆಕ್ಟ್ರಾನುಗಳು ಆಮ್ಲಜನಕದ ಕಡೆಗೆ ಸಾಗುವಾಗ ಪ್ರೋಟಾನುಗಳು ಹೊರಕ್ಕೆ ತಳ್ಳಲ್ಪಡುತ್ತವೆ. ಅವು ಮರಳಿ ಒಳಬರುವ ದಾರಿಯಲ್ಲಿ ಈ ಕಿಣ್ವ ಕುಳಿತಿದೆ. ಪೀಟರ್ ಮಿಚೆಲ್ 1961ರಲ್ಲಿ ಮಂಡಿಸಿದ ಈ ಚಿತ್ರಕ್ಕೆ 1978ರಲ್ಲಿ ನೊಬೆಲ್ ಬಂದಿತು. ಯೀಸ್ಟಿನ ಕಿಣ್ವದಲ್ಲಿ ಪೊರೆಯೊಳಗಿನ ಉಂಗುರ ಸಿ-ಘಟಕಗಳೆಂಬ ಹತ್ತು ಪ್ರೋಟೀನುಗಳಿಂದಾಗಿದೆ. ಪ್ರತಿ ಪ್ರೋಟಾನು ಒಂದು ಘಟಕವನ್ನು ಹಿಡಿದು ಉಂಗುರವನ್ನು 36 ಡಿಗ್ರಿ ಮುಂದೊತ್ತುತ್ತದೆ. ಉಂಗುರಕ್ಕೆ ಅಂಟಿದ ಗ್ಯಾಮಾ ದಂಡ ತಲೆಯೊಳಗೆ ತಿರುಗುತ್ತಾ ಮೂರು ಬೀಟಾ ಘಟಕಗಳನ್ನು ಸರದಿಯಂತೆ ತೆರೆದ, ಸಡಿಲ ಮತ್ತು ಬಿಗಿ ಸ್ಥಿತಿಗಳಿಗೆ ಒಯ್ಯುತ್ತದೆ. ನನ್ನ ಮಾದರಿಯಲ್ಲಿ ಪ್ರೋಟಾನಿನ ಬದಲು ಗುಂಡು, ಪೊರೆಯ ಒತ್ತಡದ ಬದಲು ಗುರುತ್ವ. ನಿಜವಾದ ಪ್ರೋಟಾನು ಹೆಚ್ಚುಕಡಿಮೆ ಇಡೀ ಸುತ್ತು ಸವಾರಿ ಮಾಡಿ ಇಳಿಯುತ್ತದೆ. ಅಡ್ಡ ಅಚ್ಚಿನ ಚಕ್ರದಲ್ಲಿ ಗುಂಡು ಅರ್ಧ ಸುತ್ತಿಗೇ ಬಿದ್ದುಹೋಗುತ್ತದೆ. ಇದಕ್ಕೆ ನಾನು ಒಪ್ಪಿಕೊಂಡಾಗಿದೆ.

ತಲೆಯ ಭಾಗ 120 ಡಿಗ್ರಿಗೊಮ್ಮೆ ನಿಲ್ಲಬೇಕು, ಅಲ್ಲಿ ಅಯಸ್ಕಾಂತಗಳು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಉಂಗುರವೋ 36ರ ಲೆಕ್ಕದಲ್ಲಿ ನಡೆಯುತ್ತದೆ. ಇವೆರಡನ್ನು ಗಟ್ಟಿ ದಂಡದಿಂದ ಜೋಡಿಸಿದರೆ, ತಲೆ ಸರಿಯಾದ ಜಾಗದಲ್ಲಿ ನಿಂತಾಗ ಉಂಗುರ ಮೂರಕ್ಕೂ ಸಲ್ಲದೆ ನಾಲ್ಕಕ್ಕೂ ಸಲ್ಲದೆ, ಮೂರು ಹೆಜ್ಜೆ ಮತ್ತು ಮೂರನೆಯ ಒಂದು ಭಾಗದಲ್ಲಿ ನಿಲ್ಲುತ್ತದೆ; ಮುಂದಿನ ಗುಂಡು ಗುಳಿಯ ಅಂಚಿಗೆ ಬಡಿದು ಕಾಲುವೆಯ ಬಾಯಿಗೂ ಚಕ್ರಕ್ಕೂ ನಡುವೆ ಕಚ್ಚಿಕೊಳ್ಳುತ್ತದೆ. ಗುಳಿಯನ್ನು ಅಗಲಿಸಿದರೆ ಎರಡು ಗುಂಡು ಒಟ್ಟಿಗೆ ನುಗ್ಗುತ್ತವೆ, ಅಯಸ್ಕಾಂತವನ್ನು ದುರ್ಬಲಗೊಳಿಸಿದರೆ ಬಿಲ್ಲೆ ಬೀಳುವುದೇ ಇಲ್ಲ.

ಜೀವಕೋಶ ಈ ಶೇಷವನ್ನು ತಿರುಚುವಿಕೆಯಲ್ಲಿ ಇಡುತ್ತದೆ. ಮಧ್ಯದ ದಂಡ ಸ್ವಲ್ಪ ತಿರುಚಿಕೊಂಡು ಶಕ್ತಿಯನ್ನು ಕ್ಷಣಕಾಲ ಕೂಡಿಟ್ಟುಕೊಳ್ಳುತ್ತದೆ; ಪಕ್ಕದ ಆಧಾರಕಂಬವೂ ಪೂರ್ತಿ ಗಡುಸಲ್ಲ. ಪಾಲಿಟೊಮೆಲ್ಲ ಎಂಬ ಪಾಚಿಯ ಕಿಣ್ವದ ಬಗ್ಗೆ 2019ರಲ್ಲಿ ಪ್ರಕಟವಾದ ಚಿತ್ರಗಳಲ್ಲಿ, ಪ್ರತಿ ಹೆಜ್ಜೆಯ ಆರಂಭದಲ್ಲಿ ತಲೆಯೇ ಉಂಗುರದೊಂದಿಗೆ ಸುಮಾರು 30 ಡಿಗ್ರಿ ತಿರುಗಿ ಮತ್ತೆ ಹಿಂದಿರುಗುವುದು ಕಾಣುತ್ತದೆ. ನಾನು ಮಾತ್ರ ಕಂಬವನ್ನು ಗಟ್ಟಿಯಾಗಿಯೇ ಇಟ್ಟು ದಂಡವನ್ನಷ್ಟೇ ಮೆದುಗೊಳಿಸಲು ಹೊರಟೆ.

ಟಿಪಿಯು ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದ ದಂಡ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡದ್ದಷ್ಟೇ ಅಲ್ಲದೆ ನಡುವೆ ಬಾಗಿ ಕ್ಯಾಮನ್ನು (ತಲೆಯೊಳಗಿನ ಓರೆ ಚಕ್ರವನ್ನು) ಗೋಡೆಗೆ ಒತ್ತಿತು. ಆಮೇಲೆ ತಿರುಚು ಸ್ಪ್ರಿಂಗ್ ತರಿಸಿದೆ. ಬಲಸುತ್ತಿನದು ಬೇಕೆಂದು ಸ್ಪಷ್ಟವಾಗಿ ಬರೆದಿದ್ದರೂ ಎಡಸುತ್ತಿನದು ಬಂದಿತು. ಅದನ್ನು ತಿಳಿಸಿದಾಗ ಅಂಗಡಿಯಿಂದ ಬಂದ ಉತ್ತರ: "ಸ್ಪ್ರಿಂಗ್ ಸ್ಪ್ರಿಂಗೇ ಸರ್, ಉಲ್ಟಾ ಮಾಡಿ ಹಾಕಿ." ಸ್ಪ್ರಿಂಗನ್ನು ಎಷ್ಟು ಸಲ ಉಲ್ಟಾ ಮಾಡಿದರೂ ಎಡಸುತ್ತು ಎಡಸುತ್ತಾಗಿಯೇ ಉಳಿಯುತ್ತದೆ ಎಂಬುದನ್ನು ಅವರಿಗೆ ವಿವರಿಸುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ.

ಪರಿಹಾರ ಸುತ್ತೇ ಇಲ್ಲದ ನೇರ ತಂತಿಯಲ್ಲಿತ್ತು. 0.5 ಮಿಲಿಮೀಟರ್ ದಪ್ಪದ ಸ್ಪ್ರಿಂಗ್ ಉಕ್ಕಿನ ತಂತಿಯ ಒಂದು ತುದಿಯನ್ನು ಉಂಗುರಕ್ಕೆ, ಇನ್ನೊಂದನ್ನು ಕ್ಯಾಮಿಗೆ ಬಿಗಿದು, ಬಾಗದಂತೆ ಒಂದು ಸಡಿಲ ಕೊಳವೆಯೊಳಗೆ ಹಾಯಿಸಿದೆ. ಉಂಗುರ ಹಿಂಜರಿಯದಂತೆ ಹಲ್ಲುಕೊಕ್ಕೆಯೊಂದನ್ನು ಹಾಕಿದೆ. ಈಗ ಮೊದಲ ಗುಂಡಿಗೆ 36, ಎರಡನೆಯದಕ್ಕೆ 72, ಮೂರನೆಯದಕ್ಕೆ 108 ಡಿಗ್ರಿ ತಿರುಚು ಸೇರುತ್ತದೆ, ತಲೆ ಅಲುಗುವುದಿಲ್ಲ. ನಾಲ್ಕನೆಯ ಗುಂಡಿಗೆ ಅಯಸ್ಕಾಂತ ಸೋತು ತಲೆ 120 ಡಿಗ್ರಿ ಜಿಗಿಯುತ್ತದೆ, 24 ಡಿಗ್ರಿ ತಂತಿಯಲ್ಲೇ ಉಳಿಯುತ್ತದೆ. ಆ ಉಳಿಕೆಯಿಂದಾಗಿ ಮುಂದಿನ ಎರಡು ಬಿಲ್ಲೆಗಳಿಗೆ ಮೂರು ಮೂರು ಗುಂಡುಗಳೇ ಸಾಕು. ಅಯಸ್ಕಾಂತ ತುಸು ಮೊದಲೇ ಸೋತರೆ ನಾಲ್ಕು-ಮೂರು-ಮೂರರ ಸರದಿ ಅದಲುಬದಲಾಗುತ್ತದೆಯೇ ಹೊರತು ಸುತ್ತಿನ ಲೆಕ್ಕ ಕೆಡುವುದಿಲ್ಲ. ನಾನು ಹೆದರಿದ್ದ ಸೂಕ್ಷ್ಮ ಹೊಂದಾಣಿಕೆಯ ಅಗತ್ಯವೇ ಬೀಳಲಿಲ್ಲ.

ನೇರ ತಂತಿಗೆ ಎಡಬಲದ ಭೇದವಿಲ್ಲದ್ದರಿಂದ ಇನ್ನೊಂದು ಲಾಭವೂ ಆಯಿತು. ಕೊಕ್ಕೆ ಎತ್ತಿ ತಲೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಗುಂಡುಗಳು ಮೇಲಕ್ಕೇರುತ್ತವೆ. ಕಿಣ್ವವೂ ಹೀಗೆಯೇ ಎರಡೂ ಕಡೆ ನಡೆಯುತ್ತದೆ: 1997ರಲ್ಲಿ ಜಪಾನಿನ ಸಂಶೋಧಕರು ದಂಡಕ್ಕೆ ಹೊಳೆಯುವ ಆಕ್ಟಿನ್ ಎಳೆ ಅಂಟಿಸಿ, ಎಟಿಪಿ ಒಡೆಯುವಾಗ ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು, 2004ರಲ್ಲಿ ಕಾಂತೀಯ ಮಣಿ ಅಂಟಿಸಿ ಬಲವಂತವಾಗಿ ಎದುರು ದಿಕ್ಕಿಗೆ ತಿರುಗಿಸಿದಾಗ ಎಟಿಪಿ ತಯಾರಾಯಿತು. ಇದು ಸಾಧ್ಯವಾಗುವುದು ಜಮಾಖರ್ಚು ಸರಿಸುಮಾರು ಸಮವಾಗಿರುವುದರಿಂದ. ಪೊರೆಯ ಒತ್ತಡ 170 ಮಿಲಿವೋಲ್ಟ್ ಇದ್ದರೆ ಒಂದು ಮೋಲ್ ಪ್ರೋಟಾನಿನಿಂದ ಸುಮಾರು 16 ಕಿಲೊಜೂಲ್ ಸಿಗುತ್ತದೆ, ಒಂದು ಎಟಿಪಿಗೆ ಸಲ್ಲುವ 3.3 ಪ್ರೋಟಾನುಗಳ ಲೆಕ್ಕದಲ್ಲಿ ಸುಮಾರು 55. ಜೀವಕೋಶದೊಳಗೆ ಒಂದು ಮೋಲ್ ಎಟಿಪಿ ಕಟ್ಟಲು 50ರ ಆಸುಪಾಸು ಬೇಕು. ಪೋಲಾಗುವುದು ಅಷ್ಟಕ್ಕಷ್ಟೇ.

ನಡುವೆ, ದೇಹ ಗ್ಲುಕೋಸನ್ನು ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಕಣದ ಮಾದರಿಯ ಹುಚ್ಚೂ ಹತ್ತಿದೆ. ನಡುವಿನ ಗ್ಲೈಕೋಜೆನಿನ್ ಪ್ರೋಟೀನಿನಿಂದ ಕವಲೊಡೆಯುತ್ತಾ ಸುಮಾರು 12 ಪದರ ಬೆಳೆದ ಪೂರ್ಣ ಕಣದಲ್ಲಿ 55,000ದಷ್ಟು ಗ್ಲುಕೋಸ್ ಘಟಕಗಳಿರುತ್ತವೆ. ಅಷ್ಟನ್ನು ಮುದ್ರಿಸಲು ಹೊರಟರೆ ಪ್ರಿಂಟರ್ ನನ್ನನ್ನು ಬಿಟ್ಟುಹೋದೀತು. ನಾಲ್ಕು ಪದರಕ್ಕೆ ನಿಲ್ಲಿಸುವ ಯೋಚನೆಯಿದೆ. ಗ್ಲೈಕೋಜನ್ ಒಡೆಯುವ ಫಾಸ್ಫಾರಿಲೇಸ್ ಕಿಣ್ವ ಹೊರತುದಿಗಳಿಂದ ಒಂದೊಂದೇ ಗ್ಲುಕೋಸ್ ಕಿತ್ತುಕೊಂಡು ಬಂದು, ಕವಲಿಗೆ ನಾಲ್ಕು ಘಟಕ ಉಳಿದಿರುವಾಗ ನಿಂತುಬಿಡುತ್ತದೆ. ಆ ನಿಲುಗಡೆಯನ್ನು ಯಾಂತ್ರಿಕವಾಗಿ ತೋರಿಸುವುದು ಹೇಗೆಂದು ಯಾರಿಗಾದರೂ ಹೊಳೆದರೆ ತಿಳಿಸಿ.

ಅದಕ್ಕೆ ಮೊದಲು ಉಂಗುರ ಬದಲಿಸುವ ಕೆಲಸವಿದೆ. ಹಸುವಿನ ಕಿಣ್ವದಲ್ಲಿ ಉಂಗುರಕ್ಕೆ 8 ಘಟಕ, ಪಾಲಕ್ ಸೊಪ್ಪಿನ ಕ್ಲೋರೊಪ್ಲಾಸ್ಟಿನಲ್ಲಿ 14. ಎಂಟು ಗುಳಿಯ ಚಕ್ರವನ್ನು ಅದೇ ತಂತಿಗೆ ಸಿಕ್ಕಿಸಿ ನೋಡಿದೆ: ಸರದಿ ಮೂರು-ಮೂರು-ಎರಡು ಆಗಬೇಕಿತ್ತು, ಆದರೆ ಇಳಿಬದಿಯಲ್ಲಿ ಒಂದು ಗುಂಡು ಕಡಿಮೆಯಾದ್ದರಿಂದ ಚಕ್ರ ಅಯಸ್ಕಾಂತವನ್ನು ಸೋಲಿಸಲಾರದೆ ನಿಂತಿತು. ಕಡಿಮೆ ಪ್ರೋಟಾನಿನಲ್ಲಿ ಅಷ್ಟೇ ಎಟಿಪಿ ಬೇಕೆಂದರೆ ಪ್ರತಿ ಪ್ರೋಟಾನಿನ ಹಿಂದೆ ಹೆಚ್ಚು ಒತ್ತಡವಿರಬೇಕೆಂಬ ನಿಯಮ ಮೇಜಿನ ಮೇಲೆಯೇ ಕಾಣಿಸಿತು. ಹೆಚ್ಚು ತೂಕದ ಗುಂಡುಗಳನ್ನು ತರಿಸುತ್ತಿದ್ದೇನೆ, ಈ ಸಲ ಬೇರೆ ಅಂಗಡಿಯಿಂದ.