ಬೆಳಿಗ್ಗೆ ಮಾತ್ರ ಬರುವ ಸದ್ದು

ಹುತ್ತರಿ ಕಳೆದು ಹದಿನೈದು ದಿನ ಆಗಿರಬೇಕು. ನಮ್ಮ ಸೋಮವಾರಪೇಟೆ ಕಡೆ ಅರೇಬಿಕಾ ಕಾಫಿ ಕೊಯ್ಲು ಜೋರಾಗಿತ್ತು. ಬೆಳಿಗ್ಗೆ ಆರೂವರೆಗೆಲ್ಲ ಪಿಕಪ್ ತೆಗೆದುಕೊಂಡು ಹೋಗಿ ಆಳುಗಳನ್ನು ಕರೆದುಕೊಂಡು ಬರಬೇಕು. ಹತ್ತು ನಿಮಿಷ ತಡವಾದರೆ ಬೇರೆ ತೋಟದವರು ಹತ್ತಿಸಿಕೊಂಡು ಹೋಗಿರುತ್ತಾರೆ. ಅಂಥ ಹೊತ್ತಿನಲ್ಲೇ ನಮ್ಮ ಪಿಕಪ್ ಹೊಸ ರಾಗ ಶುರು ಮಾಡಿತು.

ಕೀ ತಿರುಗಿಸಿದರೆ ಇಂಜಿನ್ ಒಂದೇ ಸಲಕ್ಕೆ ಹಿಡಿಯುತ್ತಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಹಿಂದೆಯೇ ಬಾನೆಟ್ ಒಳಗಿನಿಂದ ಹೋ ಎಂದು ಒಂದು ಸದ್ದು. ಬೆಲ್ಟ್ ಕೀಚಲಿನ ಹಾಗಲ್ಲ, ಕಟಕಟವೂ ಅಲ್ಲ. ಆಷಾಢದ ಗಾಳಿ ತಗಡಿನ ಶೆಡ್ಡಿಗೆ ನುಗ್ಗಿದ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಗೇಟು ದಾಟಿ ಮೋರಿ ಹತ್ತಿರ ಬರುವಷ್ಟರಲ್ಲಿ ಮಾಯ. ಆಮೇಲೆ ದಿನವಿಡೀ ಗಾಡಿ ಹಸುವಿನ ಹಾಗೆ ಸಾಧು.

ಮೊದಲ ದಿನ ಲೈನ್ ಮನೆಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಮೂರನೇ ದಿನಕ್ಕೆ ಅವೂ ಸುಮ್ಮನಾದವು. ನಾನು ಸುಮ್ಮನಾಗಲಿಲ್ಲ.

ಚಳಿಗೆ ಏನೋ ಗಟ್ಟಿಯಾಗುತ್ತಿದೆ ಎಂದುಕೊಂಡೆ. ಮಂಜು ಬೀಳುವ ಕಾಲ, ಬೆಳಿಗ್ಗೆ ಬಾನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ರಾತ್ರಿ ನಾಲ್ಕು ಗೋಣಿಚೀಲ ತಂದು ಬಾನೆಟ್ಟಿಗೆ ಹೊದಿಸಿದೆ. "ನನಗೆ ಒಂದು ರಗ್ಗು ತಂದುಕೊಡಿ ಅಂತ ಎಷ್ಟು ದಿನದಿಂದ ಹೇಳ್ತಿದ್ದೀನಿ" ಎಂದಳು ಹೆಂಡತಿ. ಬೆಳಿಗ್ಗೆ ಚೀಲ ತೆಗೆದು ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಹೋ.

ಇನ್ನೊಂದು ತಮಾಷೆ ಎಂದರೆ ಸದ್ದು ದಿನಾ ಬರುತ್ತಿರಲಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕತೊಡಗಿದೆ. ಸೋಮವಾರ ಬಂತು, ಮಂಗಳವಾರ ಇಲ್ಲ, ಬುಧವಾರ ಮತ್ತೆ ಬಂತು. ಚಳಿ ಜಾಸ್ತಿ ಇದ್ದ ಒಂದು ದಿನ ಗಾಡಿ ತೆಪ್ಪಗಿತ್ತು. ಮೋಡ ಮುಚ್ಚಿ ಸ್ವಲ್ಪ ಬೆಚ್ಚಗಿದ್ದ ದಿನ ಅಬ್ಬರಿಸಿತು. ಹಾಲಿನ ಲೆಕ್ಕ, ಸದ್ದಿನ ಲೆಕ್ಕ ಎರಡೂ ಸೇರಿ ತಿಂಗಳ ಕೊನೆಗೆ ಹಾಲಿನವನಿಗೂ ನನಗೂ ಸಣ್ಣ ಜಗಳವಾಯಿತು.

ಪೇಟೆಯ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಸದ್ದು ನಿಂತಿರುತ್ತದಲ್ಲ, ಬಾಯಲ್ಲೇ ಹೋ ಎಂದು ಮಾಡಿ ತೋರಿಸಿದೆ. ಮೆಕ್ಯಾನಿಕ್ ಹುಡುಗರು ಮುಖ ಮುಖ ನೋಡಿಕೊಂಡರು. ವಾಟರ್ ಪಂಪಿನ ಬೇರಿಂಗ್ ಹೋಗಿದೆ, ಬೆಲ್ಟೂ ಸವೆದಿದೆ ಎಂದರು. ಎರಡೂ ಹೊಸದು ಹಾಕಿಸಿದೆ. ಹಳೆ ಪಂಪನ್ನು ಕೇಳಿ ಮನೆಗೆ ತಂದೆ. ದುಡ್ಡು ಕೊಟ್ಟ ಮೇಲೆ ಹಳೆ ಸಾಮಾನು ಕೇಳಿ ತರುವುದು ನಮ್ಮಪ್ಪನಿಂದ ಬಂದ ಅಭ್ಯಾಸ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಹೋ!

ಗುಟ್ಟು ಬಿಡಿಸಿದವರು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ರಿಪೇರಿಗೆ ಬಂದ ಕಾಕಾ. ನಮ್ಮ ಸುತ್ತಿನ ತೋಟಗಳ ಡೀಸೆಲ್ ಇಂಜಿನ್ನುಗಳಿಗೆಲ್ಲ ಅವರೇ ಡಾಕ್ಟರು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಇಟ್ಟರೆ ಹುಳಿ ಬರುತ್ತದೆ. ಹಾಗಾಗಿ ಸಂಜೆ ಕೆಟ್ಟ ಇಂಜಿನ್ ರಿಪೇರಿಯಾಗಿ, ಹಣ್ಣೆಲ್ಲ ಮುಗಿಯುವ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಅಷ್ಟರಲ್ಲಿ ಐಗೂರು ರಸ್ತೆಯಲ್ಲಿ ಆನೆ ನಿಂತಿದೆ ಎಂದು ಫೋನ್ ಬಂತು. ಬೈಕಿನಲ್ಲಿ ಹೋಗುವುದು ಬೇಡ ಕಾಕಾ, ಇಲ್ಲೇ ಮಲಗಿ ಎಂದೆ. ಊಟಕ್ಕೆ ಕೂತಾಗ ಪಿಕಪ್ ಕಥೆ ಹೇಳಿದೆ, ಬಾಯಲ್ಲಿ ಸದ್ದನ್ನೂ ಮಾಡಿದೆ. ಕಾಕಾ ನಗಲಿಲ್ಲ.

"ಬೆಳಿಗ್ಗೆ ನಾನು ಎದ್ದು ಬರುವ ತನಕ ಗಾಡಿ ಮುಟ್ಟಬೇಡಿ ಸಾವ್ಕಾರ್ರೇ" ಎಂದರು ಅಷ್ಟೇ. (ಐದು ಎಕರೆಯವನನ್ನೂ ಇಲ್ಲಿ ಸಾವ್ಕಾರ್ ಅನ್ನುತ್ತಾರೆ. ಬ್ಯಾಂಕಿನವರು ಮಾತ್ರ ಅನ್ನುವುದಿಲ್ಲ.)

ಬೆಳಿಗ್ಗೆ ಆರಕ್ಕೆ ಕಾಕಾ ಮಂಕಿ ಕ್ಯಾಪ್ ಹಾಕಿಕೊಂಡು ಬಾನೆಟ್ ಎತ್ತಿದರು. ಮೊದಲು ಕೀ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಆಮೇಲೆ ಫ್ಯಾನಿನ ಒಂದು ರೆಕ್ಕೆ ಹಿಡಿದು ನನಗೆ ತಿರುಗಿಸಲು ಹೇಳಿದರು. ಗಟ್ಟಿ. ಅಂಬಲಿ ಗಡಿಗೆಯಲ್ಲಿ ಸೌಟು ತಿರುಗಿಸಿದ ಹಾಗೆ ಎಳೆಯುತ್ತಿತ್ತು. "ನೆನಪಿಟ್ಟುಕೊಳ್ಳಿ" ಎಂದು ಕೀ ಕೊಟ್ಟು ಸ್ಟಾರ್ಟ್ ಮಾಡಿಸಿದರು. ನಮ್ಮ ಪುಣ್ಯಕ್ಕೆ ಅವತ್ತು ಸದ್ದು ಬಂತು. ಸರಿಯಾಗಿ ಎರಡು ನಿಮಿಷಕ್ಕೆ ಸದ್ದು ತಣ್ಣಗಾಯಿತು. ಆಫ್ ಮಾಡಿಸಿ ಮತ್ತೆ ಕೀ ಜೇಬಿಗೆ. "ಈಗ ತಿರುಗಿಸಿ." ಅದೇ ಫ್ಯಾನು ಈಗ ಸಲೀಸಾಗಿ ತಿರುಗಿತು. ನಾನು ಬಾಯಿಬಿಟ್ಟುಕೊಂಡು ನಿಂತೆ.

ಅಡುಗೆಮನೆಯಿಂದ ಜೇನಿನ ಬಾಟಲಿ, ಎರಡು ಸ್ಟೀಲ್ ತಟ್ಟೆ ತರಿಸಿದರು. ಒಂದು ತಟ್ಟೆಗೆ ಜೇನು ಹಾಕಿ ಇನ್ನೊಂದನ್ನು ಮೇಲೆ ಇಟ್ಟು ಕೆಳಗಿನದನ್ನು ತಿರುಗಿಸಿದರು. ಮೇಲಿನದೂ ಜೊತೆಗೇ ತಿರುಗಿತು. "ನಡುವೆ ಜೇನು ಇದ್ದರೆ ಜೊತೆಗೆ ಬರ್ತದೆ. ಇಲ್ಲದಿದ್ದರೆ ನೀನ್ಯಾರೋ ನಾನ್ಯಾರೋ. ಫ್ಯಾನ್ ಕ್ಲಚ್ ಅಂದರೆ ಇಷ್ಟೇ."

ಹಳೆ ಜೀಪುಗಳಲ್ಲಿ ಫ್ಯಾನನ್ನು ನೇರವಾಗಿ ಪುಲ್ಲಿಗೇ ಕೂರಿಸುತ್ತಿದ್ದರು. ಇಂಜಿನ್ ತಿರುಗಿದರೆ ಫ್ಯಾನೂ ತಿರುಗಲೇಬೇಕು. ಚಳಿಯಲ್ಲೂ ಗಾಳಿ ಬೀಸಿ ಇಂಜಿನ್ನಿನ ಶಕ್ತಿ, ಡೀಸೆಲ್ ಎರಡನ್ನೂ ತಿನ್ನುತ್ತಿತ್ತು. ಈಗಿನ ಕಾರುಗಳಲ್ಲಿ ಕರೆಂಟಿನ ಫ್ಯಾನು, ಬೇಕಾದಾಗ ಮಾತ್ರ ಓಡುತ್ತದೆ. ನಮ್ಮಂಥ ಪಿಕಪ್‌ನಲ್ಲಿ ಇರುವುದು ನಡುವಿನ ದಾರಿ, ವಿಸ್ಕಸ್ ಫ್ಯಾನ್. ಪುಲ್ಲಿಗೂ ಫ್ಯಾನಿಗೂ ನಡುವೆ ಒಂದು ಗುಂಡನೆಯ ಡಬ್ಬಿ, ಅದೇ ಫ್ಯಾನ್ ಕ್ಲಚ್. ಅದರೊಳಗೆ ಸಿಲಿಕೋನ್ ಎಣ್ಣೆ. ಡಬ್ಬಿಯಲ್ಲಿ ಎರಡು ಕೋಣೆ. ಎಣ್ಣೆ ಮುಂದಿನ ಕೋಣೆಯಲ್ಲಿ ಕೂತಿದ್ದರೆ ಫ್ಯಾನು ಅರೆಮನಸ್ಸಿನಿಂದ ತಿರುಗುತ್ತದೆ. ಹಿಂದಿನ ಕೋಣೆಯ ಗೀರುಗಳ ನಡುವೆ ಬಂದರೆ ಗಟ್ಟಿಯಾಗಿ ಹಿಡಿದುಕೊಂಡು ಪೂರ್ತಿ ಗಾಳಿ ಬೀಸುತ್ತದೆ. ಬಾಗಿಲು ಕಾಯುವುದು ಡಬ್ಬಿಯ ಮುಖದ ಮೇಲಿರುವ ಸುರುಳಿ ಪಟ್ಟಿ. ಎರಡು ಲೋಹ ಬೆಸೆದು ಮಾಡಿದ್ದು. ರೇಡಿಯೇಟರಿನಿಂದ ಬಿಸಿ ಗಾಳಿ ಬಡಿದರೆ ಹಿಗ್ಗಿ ಬಾಗಿಲು ತೆರೆಯುತ್ತದೆ, ತಣ್ಣಗಾದರೆ ಮುಚ್ಚುತ್ತದೆ. ವೈರಿಲ್ಲ, ಸೆನ್ಸರಿಲ್ಲ.

"ಹಾಗಾದರೆ ತಣ್ಣಗಿರುವ ಬೆಳಿಗ್ಗೆ ಯಾಕೆ ಹಿಡಿದುಕೊಳ್ತದೆ ಕಾಕಾ? ಬಾಗಿಲು ಮುಚ್ಚಿರಬೇಕಲ್ವಾ?"

"ಬಾಗಿಲು ಮುಚ್ಚಿದೆ. ಎಣ್ಣೆ ವಾಪಸ್ ಹೋಗಲಿಕ್ಕೆ ಇನ್ನೊಂದು ತೂತು ಉಂಟಲ್ಲ, ಅದಕ್ಕೆ ಬಾಗಿಲಿಲ್ಲ."

ಗಾಡಿ ಓಡುವಾಗ ಒಳಗಿನ ಚಕ್ರ ಎಣ್ಣೆಯನ್ನು ಆ ತೂತಿನಿಂದ ಮುಂದಿನ ಕೋಣೆಗೆ ತಳ್ಳುತ್ತಾ ಇರುತ್ತದೆ. ರಾತ್ರಿ ನಿಂತಾಗ ತಳ್ಳುವವರು ಯಾರೂ ಇಲ್ಲ. ಎಣ್ಣೆ ಅದೇ ದಾರಿಯಲ್ಲಿ ನಿಧಾನಕ್ಕೆ ಹಿಂದಿನ ಕೋಣೆಗೆ ಇಳಿದು ಕೂರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದನ್ನೆಲ್ಲ ಮತ್ತೆ ತಳ್ಳಿ ಮುಗಿಸುವ ತನಕ ಫ್ಯಾನು ಪೂರ್ತಿ ಓಡುತ್ತದೆ. ನನ್ನ ಆ ಎರಡು ನಿಮಿಷದ ಹೋ ಅದೇ. ಚಳಿಯದ್ದು ಇಲ್ಲಿ ಸಣ್ಣ ಪಾತ್ರ. ಈ ಎಣ್ಣೆ ಜೇನಿನ ಹಾಗೆ ಚಳಿಗೆ ಅಷ್ಟೊಂದು ಗಟ್ಟಿಯಾಗುವುದಿಲ್ಲವಂತೆ. ಮುಖ್ಯ ಕಾರಣ ಗಾಡಿ ಹೊತ್ತುಗಟ್ಟಲೆ ನಿಂತಿದ್ದು.

ಕ್ಯಾಲೆಂಡರ್ ತಂದು ತೋರಿಸಿದೆ. ಸೋಮವಾರ ಇದೆ, ಮಂಗಳವಾರ ಇಲ್ಲ, ಇದಕ್ಕೇನು ಹೇಳುತ್ತೀರಿ? ಕಾಕಾ ತಟ್ಟೆಯನ್ನು ನೆಟ್ಟಗೆ ಹಿಡಿದು ನಿಧಾನಕ್ಕೆ ಸುತ್ತು ತಿರುಗಿಸಿದರು. ಇಂಜಿನ್ ಆಫ್ ಮಾಡಿದಾಗ ಡಬ್ಬಿಯ ತೂತು ಮೇಲೆ ಬಂದು ನಿಂತರೆ ಎಣ್ಣೆ ಮುಂದಿನ ಕೋಣೆಯಲ್ಲೇ ಉಳಿಯುತ್ತದೆ. ತೂತು ಕೆಳಗೆ ಬಂದು ನಿಂತರೆ ರಾತ್ರಿಯೆಲ್ಲ ಸೋರಿ ಹಿಂದಿನ ಕೋಣೆ ಸೇರುತ್ತದೆ. ಯಾವಾಗ ಎಲ್ಲಿ ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ. ಒಂದು ತಿಂಗಳ ನನ್ನ ಲೆಕ್ಕವೆಲ್ಲ ಚೌಕಾಬಾರದ ಕವಡೆ ಬಿದ್ದ ಲೆಕ್ಕ. ಸ್ವಲ್ಪ ಪೆಚ್ಚಾದೆ, ಸುಳ್ಳು ಹೇಳುವುದಿಲ್ಲ.

ಆ ವಾರವೇ ಕಾಫಿ ಮೂಟೆ ಹಾಕಿಕೊಂಡು ಕುಶಾಲನಗರಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಗೊಬ್ಬರ ತುಂಬಿಸಿಕೊಂಡು ಮಡಿಕೇರಿಗೆ ಹೋಗಬೇಕಿತ್ತು. ಆನೆಕಾಡು ದಾಟಿ, ಸುಂಟಿಕೊಪ್ಪ ಕಳೆದು, ಏರು ಹತ್ತುವಾಗ ಮುಂದೆ ಒಂದು ಮರದ ಲಾರಿ. ಎರಡನೇ ಗೇರಿನಲ್ಲೇ ತೆವಳಬೇಕಾಯಿತು. ಆಗ ಅದೇ ಹೋ ಕೇಳಿತು. ಮೊದಲಾಗಿದ್ದರೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದೆ. ಈಗ ಮೀಟರ್ ನೋಡಿದೆ, ಮುಳ್ಳು ಮಾಮೂಲಿ ಜಾಗದಲ್ಲೇ ಇತ್ತು. ರೇಡಿಯೇಟರ್ ಬಿಸಿಯಾಗಿದೆ, ಬಾಗಿಲು ತೆರೆದಿದೆ, ಫ್ಯಾನು ದುಡಿಯುತ್ತಿದೆ. ಲಾರಿ ದಾಟಿ ಗಾಳಿಗೆ ಬಿದ್ದ ಮೇಲೆ ಸದ್ದು ಇಳಿಯಿತು. ಮಗಳಿಗೆ ಇದನ್ನೆಲ್ಲ ವಿವರಿಸುತ್ತಾ ಇದ್ದೆ. ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದಳು ಎಂದು ಗೊತ್ತಾಗಿದ್ದು ಮಡಿಕೇರಿಯಲ್ಲಿ.

ಯಾವಾಗ ಹೆದರಬೇಕು ಎಂದೂ ಕಾಕಾ ಅವತ್ತು ಬೆಳಿಗ್ಗೆಯೇ ಹೇಳಿದ್ದರು. ಸದ್ದು ನಿಲ್ಲದೆ, ತಂಪು ಹೊತ್ತಿನಲ್ಲಿ ಸಮತಟ್ಟಾದ ರಸ್ತೆಯಲ್ಲೂ ಹಾಗೇ ಇದ್ದರೆ ಕ್ಲಚ್ ಹಿಡಿದುಕೊಂಡಿದೆ ಎಂದರ್ಥ. ಸದ್ದೇ ಬಾರದೆ, ಏರು ರಸ್ತೆಯಲ್ಲಿ ಮುಳ್ಳು ಮೇಲೇರಿದರೆ ಅದು ಇನ್ನೂ ಕೆಟ್ಟದ್ದು. ಎಣ್ಣೆ ಸೋರಿ ಹೋಗಿರುತ್ತದೆ. ಆಗ ಡಬ್ಬಿಯ ಸುತ್ತ ಎಣ್ಣೆಗೆ ಧೂಳು ಮೆತ್ತಿಕೊಂಡ ಗೆರೆಗಳು ಕಾಣುತ್ತವೆ. ಆಫ್ ಇದ್ದಾಗ ಬೆರಳಲ್ಲಿ ತಳ್ಳಿದರೆ ಫ್ಯಾನು ಜಾತ್ರೆಯ ಗಿರಗಿಟ್ಲೆ ಹಾಗೆ ನಿಲ್ಲದೆ ತಿರುಗುತ್ತದೆ. ಹಿಡಿದು ಅಲ್ಲಾಡಿಸಿದಾಗ ಲಟಲಟ ಅಂದರೆ ಮಾತ್ರ ಬೇರಿಂಗ್ ನೋಡಿ ಎಂದರು.

ಬೇರಿಂಗ್ ಅಂದಾಗ ನನಗೆ ನೆನಪಾಯಿತು. ಒಳಗೆ ಹೋಗಿ ಹಳೆ ವಾಟರ್ ಪಂಪ್ ತಂದು ಜಗಲಿಯ ಮೇಲಿಟ್ಟೆ. ಕಾಕಾ ಅದನ್ನು ಎತ್ತಿಕೊಂಡು ಕಿವಿಗೆ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದರು. ಸದ್ದಿಲ್ಲ. ಅಲ್ಲಾಡಿಸಿ ನೋಡಿದರು. ಆಟವಿಲ್ಲ. ಕಾಫಿ ಲೋಟ ಕೆಳಗಿಟ್ಟು ಇನ್ನೊಮ್ಮೆ ತಿರುಗಿಸಿದರು.

"ಇದಕ್ಕೆ ಎಷ್ಟು ತೆಗೆದುಕೊಂಡರು ಸಾವ್ಕಾರ್ರೇ?"

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಪಲ್ಪರಿಗೆ ಡೀಸೆಲ್ ಹಾಕಿ ಬರುತ್ತೇನೆ ಎಂದು ನಾನು ಎದ್ದೆ.