ಎಡ ನಳಿಗೆಯ ಠುಸ್ಸು

ಕೊಡವರು ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬ ಹತ್ತಿರ ಬಂತೆಂದರೆ ಮೈಸೂರಿನ ನಮ್ಮ ಕೋವಿ ರಿಪೇರಿ ಅಂಗಡಿಗೆ ಹುಣಸೂರು, ಕೊಡಗಿನ ಕಡೆಯಿಂದ ಜನ ಬರಲು ಶುರು. ಹೆಚ್ಚಿನವು 12 ಬೋರ್. ಆ ವರ್ಷ ಒಬ್ಬರು ತಾತನ ಕಾಲದ .470 ಜೋಡಿ ನಳಿಗೆ ರೈಫಲ್ ತಂದರು. (1907ರಲ್ಲಿ ಬ್ರಿಟಿಷರು .450 ಬೋರನ್ನು ಭಾರತಕ್ಕೆ ತರದಂತೆ ತಡೆದರು. ದಂಗೆಕೋರರ ಮಾರ್ಟಿನಿ-ಹೆನ್ರಿ ರೈಫಲ್‌ಗಳಿಗೆ ಆ ಗುಂಡು ಸಿಕ್ಕೀತೆಂಬ ಭಯ. .470, .465 ಇಲ್ಲಿ ಜಾಸ್ತಿಯಾದದ್ದು ಆಮೇಲೆ.)

"ಬಲಗಡೆದು ಹೊಡೆಯುತ್ತೆ, ಎಡಗಡೆದು ಒಂದೊಂದ್ಸಲ ಠುಸ್ ಅನ್ನುತ್ತೆ" ಅಂದರು. ಹಾರದ ತೋಟಾಗಳ ಬುಡದಲ್ಲಿ ಕಿಡಿ ಕೊಡುವ ಕ್ಯಾಪ್ ಮೇಲೆ, ಅದಕ್ಕೆ ಬಡಿಯುವ ಪಿನ್ನಿನ ಗುರುತು ಆಳವಿರಲಿಲ್ಲ. ಸ್ಪ್ರಿಂಗ್ ಸೋತಿದೆ, ಇನ್ನೇನು ಅಲ್ವಾ? ಎರಡು ದಿನ ಕೂತು ಹೊಸದು ಮಾಡಿ ಹಾಕಿದೆ. ಮದ್ದಿಲ್ಲದೆ ಬರೀ ಕ್ಯಾಪ್ ಇರುವ ಕೇಸ್ (ತೋಟಾದ ಹಿತ್ತಾಳೆ ಕೊಳವೆ) ಇಟ್ಟು ನೋಡಿದೆ. ಮತ್ತೆ ಠುಸ್.

ಅವರು ಹಾರಿಸಿದ ಖಾಲಿ ಕೇಸುಗಳನ್ನೂ ಒಂದು ಹಾರ್ಲಿಕ್ಸ್ ಡಬ್ಬಿಯಲ್ಲಿ ತಂದುಕೊಟ್ಟಿದ್ದರು. ನಾನು ಮುಚ್ಚಳ ತೆಗೆದಿರಲೇ ಇಲ್ಲ! ಎಡ ಪಿನ್ನಿನ ಗುರುತು ಸ್ವಲ್ಪ ಪಕ್ಕಕ್ಕೆ ಬೀಳುತ್ತಿತ್ತು, ಹಾಗಾಗಿ ಯಾವ ಕೇಸು ಯಾವ ನಳಿಗೆಯದ್ದು ಅಂತ ಬೇರೆ ಮಾಡಲು ಕಷ್ಟವಾಗಲಿಲ್ಲ. ಎಡಗಡೆಯವುಗಳ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ. ತಂತಿಯ ತುದಿ ಬಗ್ಗಿಸಿ ಒಳಗೆ ಎಳೆದರೆ ಅದೇ ಜಾಗದಲ್ಲಿ ತೊಡಕಿಕೊಳ್ಳುತ್ತಿತ್ತು. ಹಿತ್ತಾಳೆ ಎಳೆದು ತೆಳ್ಳಗಾಗಿದೆ. ಇನ್ನೊಂದೆರಡು ಸಲ ಹಾಗೇ ಹೊಡೆದಿದ್ದರೆ ಯಾವುದಾದರೂ ಕೇಸಿನ ಬುಡ ಕಿತ್ತು ಬರಬಹುದಿತ್ತು.

ಈ ರೈಫಲ್‌ಗಳಲ್ಲಿ ತೋಟಾ ನಿಲ್ಲುವುದು ಬುಡದ ರಿಮ್, ಅಂದರೆ ಹೊರಚಾಚಿದ ಅಂಚಿನ ಮೇಲೆ. ನಳಿಗೆಯಲ್ಲಿ ರಿಮ್ ಕೂರುವ ಗಾಡಿ (ತೋಡು) ಆಳವಾದರೆ, ಇಲ್ಲವೇ ರಿಮ್ಮೇ ತೆಳ್ಳಗಿದ್ದರೆ, ಹಿಂದೆ ಸಂದು ಉಳಿಯುತ್ತದೆ. ಹೆಡ್‌ಸ್ಪೇಸ್ ಜಾಸ್ತಿ ಅನ್ನುವುದು ಇದಕ್ಕೇ. ಪಿನ್ನು ಹೊಡೆದರೆ ತೋಟಾ ಮುಂದಕ್ಕೆ ಜಾರಿ ಏಟನ್ನು ನುಂಗಿಬಿಡುತ್ತದೆ. ಹಾರಿತೋ, ಕೇಸು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಸಂದು ಅಳೆಯಲು ಸೆಲ್ಲೋ ಟೇಪ್ ಸಾಕು. ಒಂದು ಪದರ ಸುಮಾರು 0.05 ಮಿ.ಮೀ. ಕ್ಯಾಪ್ ತೆಗೆದ ಖಾಲಿ ಕೇಸಿನ ಬುಡಕ್ಕೆ ಒಂದೊಂದೇ ಪದರ ಅಂಟಿಸಿ ಕೋವಿ ಮುಚ್ಚುತ್ತಾ ಹೋದೆ. ಬಲಗಡೆ ಎರಡನೇ ಪದರಕ್ಕೇ ಬಿಗಿಯಾಯಿತು. ಎಡಗಡೆ ಏಳು ಹಾಕಿದರೂ ಸಲೀಸಾಗಿ ಮುಚ್ಚಿತು.

ಹಾಗಂತ ಗಾಡಿಯ ಮೇಲೇ ತಪ್ಪು ಹೊರಿಸುವಂತಿಲ್ಲ. ಕೋವಿ ಮಡಚುವ ಕೀಲಿನ ಪಿನ್ ಸವೆದು ನಳಿಗೆಗಳೇ ಬ್ರೀಚ್‌ನಿಂದ, ಅಂದರೆ ಅವುಗಳ ಹಿಂಬದಿ ಮುಚ್ಚುವ ಗೋಡೆಯಿಂದ, ದೂರ ಸರಿದಿರಬಹುದು. ನಳಿಗೆ ಕೆಳಗಿನ ಮರದ ಹಿಡಿ (ಫೋರ್‌ಎಂಡ್) ಕಳಚಿ ಅಲ್ಲಾಡಿಸಿದೆ, ಸದ್ದಿಲ್ಲ. ಸೀಮೆಎಣ್ಣೆ ದೀಪದ ಮಸಿ ಹಿಡಿಸಿ ಮುಚ್ಚಿ ತೆಗೆದೆ. ಎರಡೂ ಕಡೆ ಗುರುತು ಒಂದೇ ಸಮ. ಕೀಲು ಸರಿಯಿತ್ತು. ಆಮೇಲೆ ಭೂತಗನ್ನಡಿ ಹಿಡಿದರೆ ಎಡ ಗಾಡಿಯಲ್ಲಿ ಉಳಿಯ ಗೀರು. ಹಿಂದೆ ಯಾರೋ, ದಪ್ಪ ರಿಮ್ಮಿನ ತೋಟಾ ಕೂರಲಿಲ್ಲ ಅಂತ ನಳಿಗೆಯನ್ನೇ ಕೆರೆದಿದ್ದಾರೆ. ಬೈಯಬೇಕೆನಿಸಿತು. ಸ್ಪ್ರಿಂಗ್ ನೆನಪಾಗಿ ಸುಮ್ಮನಾದೆ.

ಅವರ ಹತ್ತಿರ ಇದ್ದ ತೋಟಾಗಳೂ ಎರಡು ಬೇರೆ ಬೇರೆ ಕಂಪನಿಯವು. ಮೈಕ್ರೋಮೀಟರ್ ಹಿಡಿದರೆ ಒಂದರ ರಿಮ್ ತೆಳ್ಳಗೆ. ಠುಸ್ಸೆಂದವೆಲ್ಲ ಆ ಪೊಟ್ಟಣದವೇ.

ಕೆರೆದದ್ದನ್ನು ತುಂಬುವುದು ಸುಲಭವಲ್ಲ. ಉಂಗುರ ಕೂರಿಸುವ ಕೆಲಸ ನನ್ನ ಲೇಥ್‌ಗೆ ಆಗುವಂಥದ್ದಲ್ಲ ಅಂತ ನೇರವಾಗಿ ಹೇಳಿದೆ. ಎಡ ನಳಿಗೆ ಸದ್ಯಕ್ಕೆ ಹೊಡೆಯಬೇಡಿ ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ರೈಫಲನ್ನೇ ನೋಡುತ್ತಾ ನಿಂತು, "ಪೂಜೆಗಾದ್ರೂ ಇಡ್ಬಹುದಲ್ಲ" ಅಂದರು. ಹಬ್ಬದಲ್ಲಿ ಗುರಿಯಿಟ್ಟು ತೆಂಗಿನಕಾಯಿ ಹೊಡೆಯಲು ಮನೆಯ 12 ಬೋರ್ ಇದೆಯಂತೆ. ಸ್ಪ್ರಿಂಗಿನ ದುಡ್ಡು ನಾನು ತಗೊಳ್ಳಲಿಲ್ಲ.